ಕವಳದ ಸಂಚಿ, ಮಗನ ಬ್ಯಾಗು

ಅಕ್ಕಾ, ನಮ್ಮದು ತೀರ್ಥಹಳ್ಳಿ ಕಡೆಯ ಒಂದು ಹಳ್ಳಿ. ಎರಡು ಎಕರೆ ಅಡಿಕೆ ತೋಟವಿದೆ. ಮಗನಿಗೆ ಹದಿನೇಳು, ಶಿವಮೊಗ್ಗದಲ್ಲಿ ರೂಮು ಮಾಡಿಕೊಂಡು ಸೆಕೆಂಡ್ ಪಿಯು ಓದುತ್ತಿದ್ದಾನೆ. ಮಗಳು ಎಂಟನೇ ಕ್ಲಾಸು. ದೀಪಾವಳಿಗೆ ಬಂದವನ ಬಟ್ಟೆ ಒಗೆಯೋಣ ಅಂತ ಬ್ಯಾಗು ಬಿಚ್ಚಿದರೆ ಪ್ಲಾಸ್ಟಿಕ್ ಕವರಿನಲ್ಲಿ ಒಣಗಿದ ಸೊಪ್ಪು, ಸುತ್ತುವ ತೆಳು ಕಾಗದ. ಕೇಳಿದ್ದಕ್ಕೆ ಮೊದಲು ಫ್ರೆಂಡಿನದು ಅಂದ. ಆಮೇಲೆ, "ಹೌದಮ್ಮ, ವಾರಕ್ಕೆ ಒಂದೆರಡು ಸಲ. ಅದೂ ಒಂದು ಗಿಡಾನೇ ಅಲ್ವಾ? ಶಿವರಾತ್ರಿಗೆ ಭಂಗಿ ಕುಡಿಯೋರಿಲ್ವಾ? ಅಪ್ಪಯ್ಯ ದಿನಾ ಹೊಗೆಸೊಪ್ಪು ಹಾಕ್ಕೊಂಡು ಕವಳ ಜಗೀತಾರಲ್ಲ, ಅದಕ್ಯಾಕೆ ನೀನು ಏನೂ ಅನ್ನಲ್ಲ?" ಅಂದ. ನನಗೆ ಉತ್ತರವೇ ಹೊಳೆಯಲಿಲ್ಲ. ಇವರಿಗೆ ಹೇಳಿದರೆ ಹೊಡೆದು, ಓದು ಬಿಡಿಸಿ ತೋಟಕ್ಕೆ ಹಾಕುತ್ತಾರೆ. ಪೊಲೀಸ್ ಕೇಸಾದರೆ ಅಂತ ಭಯ ಬೇರೆ. ಆ ಕವರು ಇನ್ನೂ ಅಕ್ಕಿ ಡಬ್ಬಿಯೊಳಗೇ ಇದೆ. ಅವನಿಗೆ ಏನು ಹೇಳಲಿ?
– ಹೆಸರು ಬೇಡ, ತೀರ್ಥಹಳ್ಳಿ

ಪ್ರೀತಿಯ ತಂಗಿ,

ನಿಮ್ಮ ಮಗ ನಿಮ್ಮೆದುರು ನಿಂತು ಒಪ್ಪಿಕೊಂಡ. ಪತ್ರ ಓದುತ್ತಿದ್ದಂತೆ ನನಗೆ ಮೊದಲು ಸಮಾಧಾನ ತಂದದ್ದು ಇದು. ವಾರಕ್ಕೆ ಒಂದೆರಡು ಸಲ ಅಂದದ್ದು ನಾಲ್ಕು ಸಲವೇ ಇದ್ದೀತು. ಆದರೂ ಬಾಗಿಲು ಪೂರ್ತಿ ಹಾಕಿಕೊಂಡ ಹುಡುಗ ಇಷ್ಟನ್ನೂ ಹೇಳುವುದಿಲ್ಲ. ಅವನು ಕೇಳಿದ ಮೂರು ಪ್ರಶ್ನೆಗಳನ್ನು ನೀವು ಉದ್ಧಟತನ ಎಂದುಕೊಂಡ ಹಾಗಿದೆ. ನನಗೆ ಹಾಗನಿಸಲಿಲ್ಲ. ಅವು ಉತ್ತರ ಕೊಡಲೇಬೇಕಾದ ಪ್ರಶ್ನೆಗಳು, ಅದೂ ನಿಜವಾದ ಉತ್ತರ.

ಯಾಕೆ ಹೀಗೆ ಹೇಳುತ್ತೇನೆಂದರೆ, ನಾನು ಬಹಳ ವರ್ಷ ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳಿದವಳು. ಒಮ್ಮೆ ಭಾಷಣಕ್ಕೆ ಬಂದವರೊಬ್ಬರು ಮೇಜು ಕುಟ್ಟಿ, "ಗಾಂಜಾ ಒಂದು ದಮ್ಮು ಎಳೆದರೆ ಮುಗೀತು, ಹುಚ್ಚು ಹಿಡಿಯುತ್ತದೆ" ಎಂದರು. ಹಿಂದಿನ ಬೆಂಚಿನ ಇಬ್ಬರು ಹುಡುಗರು ಮುಖ ಮುಖ ನೋಡಿಕೊಂಡು ನಕ್ಕರು. ಅವರು ಎಳೆದು ನೋಡಿದ್ದರು, ಹುಚ್ಚು ಹಿಡಿದಿರಲಿಲ್ಲ. ಆಮೇಲೆ ಆ ಭಾಷಣದಲ್ಲಿ ಬಂದ ನಿಜವಾದ ಮಾತುಗಳೂ ಅವರ ಕಿವಿಗೆ ಬೀಳಲಿಲ್ಲ. ಅಮೆರಿಕದಲ್ಲಿ 1983ರಲ್ಲಿ 'ಡೇರ್' ಎಂಬ ಕಾರ್ಯಕ್ರಮ ಶುರುವಾಗಿ, ಪೊಲೀಸರೇ ಶಾಲೆಗಳಿಗೆ ಹೋಗಿ ಮಾದಕ ವಸ್ತುಗಳ ಬಗ್ಗೆ ಪಾಠ ಮಾಡುತ್ತಿದ್ದರು. ವರ್ಷಗಟ್ಟಲೆ ನಡೆದ ಮೇಲೆ ಅಳೆದು ನೋಡಿದರೆ ಆ ಪಾಠ ಕೇಳಿದ ಮಕ್ಕಳಿಗೂ ಕೇಳದ ಮಕ್ಕಳಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ತಂಗಿ, ಮಗನನ್ನು ಹೆದರಿಸಲು ಒಂದು ಸುಳ್ಳನ್ನೂ ಹೇಳಬೇಡಿ. ಇರುವ ಸತ್ಯವೇ ಸಾಕಷ್ಟಿದೆ.

ಗಿಡ ಅಂದನಲ್ಲ, ಹೌದು, ಗಿಡವೇ. ಬೇಲಿ ಬದಿಯ ಉಮ್ಮತ್ತಿಯೂ ಗಿಡ. ನಮ್ಮ ಕಾಡಿನ ಕಾಸರಕವೂ ಮರವೇ, ಅದರ ಬೀಜದಲ್ಲಿರುವುದು ಸ್ಟ್ರಿಕ್ನಿನ್ ಎಂಬ ಘೋರ ವಿಷ. ಮಲೆನಾಡಿನಲ್ಲಿ ಹುಟ್ಟಿದ ಹುಡುಗನಿಗೆ ಇದಕ್ಕಿಂತ ಹೆಚ್ಚು ವಿವರಿಸಬೇಕಿಲ್ಲ.

ಭಂಗಿಯ ಮಾತಿನಲ್ಲಿ ಸ್ವಲ್ಪ ಹುರುಳಿದೆ, ಅದನ್ನು ಒಪ್ಪಿಕೊಳ್ಳಿ. 1985ರ ಮಾದಕ ವಸ್ತು ಕಾಯ್ದೆ ಗಾಂಜಾ ಎಂದು ಕರೆಯುವುದು ಆ ಗಿಡದ ಹೂವು, ಕಾಯಿ ಮೂಡಿದ ತುದಿಗಳನ್ನು. ಭಂಗಿಗೆ ಅರೆಯುವ, ತುದಿಯಿಲ್ಲದ ಬರೀ ಎಲೆ ಆ ವ್ಯಾಖ್ಯೆಯೊಳಗೆ ಬರುವುದಿಲ್ಲ. ಅದೇ ಗಿಡದ ಇನ್ನೊಂದು ಅಂಶದಿಂದ ಕೆಲವು ಅಪರೂಪದ ಅಪಸ್ಮಾರಗಳಿಗೆ ಔಷಧ ಮಾಡಿರುವುದೂ ನಿಜ, ಆದರೆ ಅದು ನಶೆ ಏರಿಸುವ ಅಂಶವಲ್ಲ. ನಿಮ್ಮ ಮಗನ ಕವರಿನಲ್ಲಿರುವುದು ನಶೆ ಏರಿಸುವ ಟಿಎಚ್‌ಸಿ ಹೆಚ್ಚಾಗಿರುವ ಭಾಗ. ನಮ್ಮಲ್ಲಿ ಅದನ್ನು ಸಿಗರೇಟಿನ ತಂಬಾಕಿನ ಜೊತೆ ಬೆರೆಸಿ ಸುತ್ತುವುದೇ ಹೆಚ್ಚು. ಅಂದರೆ ಗಾಂಜಾ ಜೊತೆಗೇ ನಿಕೋಟಿನ್ನಿನ ಚಟವೂ ಅಂಟುತ್ತದೆ, ಎಷ್ಟೋ ಹುಡುಗರಿಗೆ ಅದು ಗೊತ್ತಾಗುವುದು ಸಿಗರೇಟು ಬಿಡಲು ಹೋದಾಗಲೇ.

ಇನ್ನು ಮಿದುಳಿನ ವಿಷಯ. ಇದನ್ನು ನಿಧಾನವಾಗಿ ಹೇಳಿ, ನೆನಪಿರದಿದ್ದರೆ ಈ ಪುಟವನ್ನೇ ಓದಿಸಿ. ನಮ್ಮ ಮಿದುಳು ತನಗೆ ತಾನೇ ಒಂದು ರಾಸಾಯನಿಕ ತಯಾರಿಸಿಕೊಳ್ಳುತ್ತದೆ. 1992ರಲ್ಲಿ ಅದನ್ನು ಕಂಡುಹಿಡಿದ ವಿಜ್ಞಾನಿಗಳು ಸಂಸ್ಕೃತದ 'ಆನಂದ'ವನ್ನೇ ತೆಗೆದುಕೊಂಡು 'ಆನಂದಮೈಡ್' ಎಂದು ಹೆಸರಿಟ್ಟರು. ಹಸಿವು, ನಿದ್ದೆ, ನೆನಪು, ನೋವು, ಖುಷಿ ಇವೆಲ್ಲದರ ಹದ ಕಾಯುವುದರಲ್ಲಿ ಅದರ ಕೈಯಿದೆ. ಬೇಕಾದಾಗ ಬೇಕಾದಷ್ಟು ಒಸರಿ ಕೂಡಲೇ ಇಂಗಿಹೋಗುವ ಒರತೆಯ ಹಾಗೆ ಅದು. ಟಿಎಚ್‌ಸಿ ಬಂದು ಕೂರುವುದು ಅದೇ ಜಾಗದಲ್ಲಿ, ಆದರೆ ಒರತೆಯ ಹಾಗಲ್ಲ, ಆಟಿ ಮಳೆಯ ಹಳ್ಳದ ಹಾಗೆ. ಓದಿದ್ದನ್ನು ನೆನಪಿನಲ್ಲಿ ಕೂರಿಸುವ ಭಾಗದಲ್ಲಿ ಇಂಥ ಜಾಗಗಳು ದಟ್ಟವಾಗಿವೆ. ಗಾಂಜಾ ಸೇದಿದ ರಾತ್ರಿ ಓದಿದ ಪಾಠ ತಲೆಯಲ್ಲಿ ನಿಲ್ಲದಿರುವುದಕ್ಕೆ ಕಾರಣ ಇದೇ. ಸೆಕೆಂಡ್ ಪಿಯು ಹುಡುಗನಿಗೆ ಇದು ಮುಂದೆಂದೋ ಬರುವ ಕಷ್ಟವಲ್ಲ, ಈ ಮಾರ್ಚಿನ ಪರೀಕ್ಷೆಯದು.

"ದೊಡ್ಡವರು ಸೇದಿದರೆ ಏನೂ ಆಗಲ್ಲ, ನನಗೇ ಯಾಕೆ?" ಎಂದು ಅವನು ಕೇಳಿಯೇ ಕೇಳುತ್ತಾನೆ. ಆಗ ನಿಮ್ಮ ತೋಟದ ಎಳೆ ಅಡಿಕೆ ಸಸಿ ತೋರಿಸಿ. ಅದಕ್ಕೆ ಬಾಳೆಯ ನೆರಳು ಯಾಕೆ ಕೊಟ್ಟಿದ್ದೀರಿ? ಬೆಳೆದ ಮರ ತಡೆದುಕೊಳ್ಳುವ ಬಿಸಿಲಿಗೆ ಸಸಿ ಸುಟ್ಟುಹೋಗುತ್ತದೆ. ಮನುಷ್ಯನ ಮಿದುಳು ಪೂರ್ತಿ ಬಲಿಯುವುದು ಇಪ್ಪತ್ತೈದರ ಆಸುಪಾಸಿನಲ್ಲಿ. ಕೊನೆಗೆ ಬಲಿಯುವುದು ಹಣೆಯ ಹಿಂದಿನ ಭಾಗ, ಮುಂದೇನಾದೀತು ಎಂದು ಯೋಚಿಸುವ, 'ಸಾಕು' ಎಂದು ತನ್ನನ್ನು ತಾನೇ ತಡೆಯುವ ಭಾಗ. ಗಾಂಜಾ ಸೇದಿದವರಲ್ಲಿ ಸರಿಸುಮಾರು ಹತ್ತರಲ್ಲಿ ಒಬ್ಬರಿಗೆ ಅದು ಬಿಡಲಾಗದ ಚಟವಾಗುತ್ತದೆ. ಹದಿಹರೆಯದಲ್ಲೇ ಶುರು ಮಾಡಿದವರಲ್ಲಾದರೆ ಆರರಲ್ಲಿ ಒಬ್ಬರಿಗೆ. ಉಳಿದ ಐವರು ಪಾರಾಗುತ್ತಾರೆ ಎಂಬುದನ್ನೂ ಹೇಳಿಬಿಡಿ, ಮುಚ್ಚಿಡಬೇಡಿ. ಅವನ ಗೆಳೆಯರ ಗುಂಪಿನಲ್ಲೇ ಆ ಐವರು ಇರುತ್ತಾರೆ, ಅವನಿಗೆ ಅದು ಕಾಣುತ್ತದೆ. ಆದರೆ ತಾನು ಆರನೆಯವನಲ್ಲ ಎಂದು ಸೇದುವ ಮೊದಲೇ ತಿಳಿಯುವ ಪರೀಕ್ಷೆ ಯಾವ ಲ್ಯಾಬಿನಲ್ಲೂ ಇಲ್ಲ. ನಿಮ್ಮ ಅಥವಾ ನಿಮ್ಮವರ ಕಡೆ ಯಾರಿಗಾದರೂ ಸ್ಕಿಜೋಫ್ರೇನಿಯಾದಂಥ ತೀವ್ರ ಮಾನಸಿಕ ಕಾಯಿಲೆ ಇದ್ದರೆ ಅದನ್ನೂ ಬಚ್ಚಿಡದೆ ಹೇಳಿ. ಅಂಥ ಮನೆತನದ ಮಕ್ಕಳಿಗೆ ಗಾಂಜಾದ ಅಪಾಯ ಬೇರೆಯವರಿಗಿಂತ ಹೆಚ್ಚು. ಇದನ್ನು ಮಾನ ಮರ್ಯಾದೆ ಎಂದು ಮುಚ್ಚಿಡುವ ಮನೆಗಳನ್ನು ನಾನು ಕಂಡಿದ್ದೇನೆ. ಮಗುವಿಗೆ ಸಿಗಬೇಕಾದ ಎಚ್ಚರಿಕೆಯೇ ಅಲ್ಲಿ ತಪ್ಪಿಹೋಗುತ್ತದೆ.

ಈಗ ಅಪ್ಪಯ್ಯನ ಕವಳ.

ತಂಗಿ, ಅಡಿಕೆಯ ದುಡ್ಡಿನಲ್ಲಿ ಓದಿ ದೊಡ್ಡವಳಾದವಳು ನಾನೂ. ಇದನ್ನು ಬರೆಯಲು ನನಗೂ ಕಷ್ಟವೇ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ, ಹೊಗೆಸೊಪ್ಪು ಸೇರದ ಬರೀ ಅಡಿಕೆಯನ್ನೂ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಬೆಳೆಗಾರರಾದ ನಮಗೆ ಇದರ ಬಗ್ಗೆ ತಕರಾರು, ಸಂಕಟ ಎಲ್ಲ ಇವೆ. ಆ ವಾದ ಏನೇ ಇರಲಿ, ಹೊಗೆಸೊಪ್ಪಿನ ಬಗ್ಗೆ ಯಾರಿಗೂ ಅನುಮಾನವಿಲ್ಲ. ಅಡಿಕೆ ಜಗಿದು ಜಗಿದು ಕೆನ್ನೆಯ ಒಳಚರ್ಮ ಬಿಗಿದು ನಾರಾಗುವ ರೋಗವೊಂದಿದೆ. ಖಾರ ತಿಂದರೆ ಬಾಯಿ ಉರಿಯುತ್ತದೆ, ದಿನ ಕಳೆದಂತೆ ಬಾಯಿ ಕಿರಿದಾಗುತ್ತದೆ. ಮೂರು ಬೆರಳನ್ನು ಒಂದರ ಮೇಲೊಂದಿಟ್ಟು ಹಲ್ಲುಗಳ ನಡುವೆ ತೂರಿಸಲು ನಿಮ್ಮವರಿಗೆ ಹೇಳಿ. ಹೋಗದಿದ್ದರೆ, ಬಾಯಲ್ಲಿ ಬಿಳಿ ಮಚ್ಚೆಯೋ ವಾಸಿಯಾಗದ ಹುಣ್ಣೋ ಇದ್ದರೆ, ಸುಗ್ಗಿ ಮುಗಿಯಲಿ ಎಂದು ಕಾಯದೆ ದಂತ ವೈದ್ಯರಿಗೆ ತೋರಿಸಿ.

ಮಗ ಕೇಳಿದ್ದು ನ್ಯಾಯದ ಪ್ರಶ್ನೆ. "ಅದು ಬೇರೆ, ಇದು ಬೇರೆ" ಎಂದು ಸಾರಿಸಿದರೆ ನೀವು ಸೋತ ಹಾಗೆ. "ಹೌದು ಮಗ, ಅಪ್ಪಯ್ಯನದೂ ಚಟವೇ. ನಮ್ಮ ಕಾಲಕ್ಕೆ ಯಾರೂ ನಮಗೆ ಇದನ್ನು ಬಿಡಿಸಿ ಹೇಳಲಿಲ್ಲ. ಬಿಡೋದು ಎಷ್ಟು ಕಷ್ಟ ಅಂತ ಅವರನ್ನೇ ಕೇಳು" ಎನ್ನಿ. ಬೆಳಿಗ್ಗೆ ಎದ್ದು ಕಾಫಿಗಿಂತ ಮೊದಲು ಸಂಚಿಗೆ ಕೈ ಹಾಕುವ ಅಪ್ಪ, "ನನಗೂ ಬಿಡೋಕಾಗ್ತಿಲ್ಲ ಮಾರಾಯ" ಎಂದು ಮಗನೆದುರು ಒಂದು ಸಲ ಬಾಯಿಬಿಟ್ಟು ಹೇಳಿದರೆ, ನನ್ನ ಹತ್ತು ತರಗತಿಗಿಂತ ಅದು ಹೆಚ್ಚು. ತಂಬಾಕು ಬಿಡಲು ಸಹಾಯ ಮಾಡುವ ಉಚಿತ ದೂರವಾಣಿ 1800-112-356. ನಿಮ್ಹಾನ್ಸ್‌ನಲ್ಲೂ ಅದರ ಕೇಂದ್ರವಿದೆ, ಕನ್ನಡದಲ್ಲಿ ಮಾತಾಡಬಹುದು.

ಹಾಗಾಗಿ ನಿಮ್ಮವರಿಗೆ ಹೇಳದೆ ಮುಚ್ಚಿಡುವ ಯೋಚನೆ ನನಗೆ ಸರಿ ಕಾಣುವುದಿಲ್ಲ. ಎಷ್ಟು ದಿನ ಮುಚ್ಚಿಟ್ಟೀರಿ? ಹೊರಗಿನವರ ಬಾಯಿಂದ ತಿಳಿದರೆ ಹೊಡೆತ ಇನ್ನೂ ಜೋರು. ಮಗ ಮನೆಯಲ್ಲಿಲ್ಲದ ದಿನ, ಊಟವಾದ ಮೇಲೆ ಹೇಳಿ. ಒಬ್ಬರೇ ಹೇಳಲು ಧೈರ್ಯ ಸಾಲದಿದ್ದರೆ ಅವರು ಮಾತು ಮೀರದ ಒಬ್ಬರನ್ನು, ನಿಮ್ಮ ಅತ್ತೆಯನ್ನೋ ಭಾವನವರನ್ನೋ, ಪಕ್ಕದಲ್ಲಿ ಕೂರಿಸಿಕೊಳ್ಳಿ. ಹೊಡೆದರೆ ಹುಡುಗ ಗಾಂಜಾ ಬಿಡುವುದಿಲ್ಲ, ಮನೆಗೆ ಬರುವುದನ್ನು ಬಿಡುತ್ತಾನೆ. ಓದು ಬಿಡಿಸುವುದಂತೂ ಅವನ ಕೈಯಲ್ಲಿರುವ ಒಂದೇ ಹಗ್ಗವನ್ನು ನಾವೇ ಕೊಯ್ದ ಹಾಗೆ.

ಪೊಲೀಸಿನ ಭಯಕ್ಕೆ ಒಂದೆರಡು ಮಾತು. ಗಾಂಜಾ ಸೇದಿದ್ದಕ್ಕೆ ಕಾಯ್ದೆಯಲ್ಲಿ ಆರು ತಿಂಗಳವರೆಗೆ ಶಿಕ್ಷೆ ಇದೆ. ಆದರೆ ಚಟ ಹತ್ತಿದವರು ತಾವಾಗಿ ಚಿಕಿತ್ಸೆಗೆ ಬಂದರೆ ಮೊಕದ್ದಮೆಯಿಂದ ರಕ್ಷಣೆ ಕೊಡುವ 64ಎ ಎಂಬ ಸೆಕ್ಷನ್ನೂ ಅದೇ ಕಾಯ್ದೆಯಲ್ಲಿದೆ. ಹದಿನೆಂಟು ತುಂಬದವರ ಪ್ರಕರಣ ಬಾಲ ನ್ಯಾಯ ಮಂಡಳಿಗೆ ಹೋಗುತ್ತದೆ. ಆಸ್ಪತ್ರೆಯವರು ಚಿಕಿತ್ಸೆಯ ವಿಷಯವನ್ನು ಗುಟ್ಟಾಗಿಡಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ಮಗನಿಗೆ ತಿಳಿಸಲೇಬೇಕಾದ್ದು ಇನ್ನೊಂದು: ಗೆಳೆಯರಿಗೆಂದು ತಂದು ಹಂಚಿದರೆ, "ಇದನ್ನು ಸ್ವಲ್ಪ ಅಲ್ಲಿಗೆ ತಲುಪಿಸು" ಎಂದವರ ಮಾತು ಕೇಳಿದರೆ, ಲೆಕ್ಕ ಪೂರ್ತಿ ಬೇರೆಯಾಗುತ್ತದೆ. ಅಕ್ಕಿ ಡಬ್ಬಿಯಲ್ಲಿರುವುದನ್ನು ಇವತ್ತೇ ತೆಗೆದು ಪಾಯಿಖಾನೆಗೆ ಹಾಕಿ ನೀರು ಬಿಡಿ. ಹಾಗೆ ಮಾಡಿದೆ ಎಂದು ಅವನಿಗೂ ಹೇಳಿ.

ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಮೊದಲು ಫೋನಿನಲ್ಲಿ ಮಾತಾಡುವುದಾದರೆ ವ್ಯಸನಮುಕ್ತಿಗೆ 14446, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ಗೆ 14416, ಎರಡೂ ಉಚಿತ. ಬಿಟ್ಟ ಮೊದಲ ಒಂದೆರಡು ವಾರ ನಿದ್ದೆ ಬರುವುದಿಲ್ಲ, ಊಟ ಸೇರುವುದಿಲ್ಲ, ಮುಟ್ಟಿದರೆ ಸಿಡುಕು. ಇದನ್ನು ನೋಡಿ "ಮತ್ತೆ ಶುರು ಮಾಡಿದ" ಎಂದುಕೊಳ್ಳಬೇಡಿ, ಅದು ಬಿಡುತ್ತಿರುವುದರ ಲಕ್ಷಣ. ಆದರೆ ಯಾರೋ ತನ್ನನ್ನು ಹಿಂಬಾಲಿಸುತ್ತಿದ್ದಾರೆ ಎಂದರೆ, ಇಲ್ಲದ ದನಿ ಕೇಳಿಸುತ್ತದೆ ಎಂದರೆ, ಸಾಯುವ ಮಾತಾಡಿದರೆ, ಬೆಳಗಾಗುವುದನ್ನು ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ನೀವು ಮಗಳ ಬಗ್ಗೆ ಏನೂ ಕೇಳಿಲ್ಲ, ನಾನು ಕೇಳುತ್ತೇನೆ. ಎಂಟನೇ ಕ್ಲಾಸು ಚಿಕ್ಕ ವಯಸ್ಸಲ್ಲ. 2019ರಲ್ಲಿ ಪ್ರಕಟವಾದ ದೇಶದ ಸಮೀಕ್ಷೆಯಲ್ಲಿ ದೊಡ್ಡವರಿಗಿಂತ ಮಕ್ಕಳಲ್ಲೇ ಹೆಚ್ಚಾಗಿ ಕಂಡ ನಶೆ ಒಂದೇ, ಮೂಸುವ ನಶೆ: ವೈಟ್ನರ್, ಪಂಚರ್ ಸೊಲ್ಯೂಷನ್ ಇಂಥವು. ಮಕ್ಕಳಲ್ಲಿ ಶೇ. 1.17, ದೊಡ್ಡವರಲ್ಲಿ ಶೇ. 0.58. ಅಂಗಡಿಯಲ್ಲಿ ಸಲೀಸಾಗಿ ಸಿಗುತ್ತದೆ, ಅಗ್ಗ, ಯಾರಿಗೂ ಸಂಶಯ ಬರುವುದಿಲ್ಲ. ಆದರೆ ಮೊದಲ ಸಲ ಮೂಸಿದಾಗಲೇ ಎದೆಬಡಿತದ ಲಯ ತಪ್ಪಿ ಹೃದಯ ನಿಂತುಹೋಗುವ ಅಪಾಯ ಅದರಲ್ಲಿದೆ. ಇದನ್ನು ಅವಳಿಗೆ ಸ್ಪಷ್ಟವಾಗಿ ಹೇಳಿ. ಯಾರು ಕೊಟ್ಟರೂ ಹೆಸರು ಗೊತ್ತಿಲ್ಲದ ಮಾತ್ರೆ ನುಂಗಬಾರದು ಎಂಬುದನ್ನೂ.

ಇಬ್ಬರಿಗೂ ಒಂದು ಭಾಷೆ ಕೊಡಿ: "ಎಲ್ಲೇ ಸಿಕ್ಕಿಹಾಕಿಕೊಂಡಿರು, ರಾತ್ರಿ ಎಷ್ಟು ಹೊತ್ತಿಗೆ ಫೋನ್ ಮಾಡಿದರೂ ಬಂದು ಕರ್ಕೊಂಡು ಬರ್ತೀವಿ. ಕೇಳೋದೇನಿದ್ದರೂ ಮಾರನೇ ದಿನ." ಗೆಳೆಯರೆದುರು ಬೇಡ ಎನ್ನಲು ಅವರಿಗೊಂದು ನೆಪವೂ ಬೇಕು. "ನಮ್ಮಪ್ಪಯ್ಯ ಮೂತ್ರ ಟೆಸ್ಟ್ ಮಾಡಿಸ್ತಾರೆ ಕಣೋ" ಎಂದು ನಿಮ್ಮವರ ತಲೆಗೇ ಕಟ್ಟಲಿ, ಅವರ ಅನುಮತಿ ಪಡೆದೇ.

ಎದುರು ಕುರ್ಚಿಯಲ್ಲಿ ಕೂರಿಸಿ ಈ ಮಾತು ಆಡಬೇಡಿ. ನಿಮ್ಮಲ್ಲಿ ಈಗ ಅಡಿಕೆ ಸುಲಿತದ ಕಾಲ. ಅವನು ಮುಂದಿನ ಶನಿವಾರ ಬಂದಾಗ ಅವನಿಗೂ ಒಂದು ಮೆಟ್ಟುಗತ್ತಿ ಕೊಟ್ಟು ಪಕ್ಕದಲ್ಲಿ ಕೂರಿಸಿಕೊಳ್ಳಿ. ಕೈ ಕೆಲಸದಲ್ಲಿ, ಕಣ್ಣು ಅಡಿಕೆಯ ಮೇಲೆ ಇದ್ದಾಗ ಹುಡುಗರ ಬಾಯಿ ಸುಲಭವಾಗಿ ಬಿಚ್ಚುತ್ತದೆ. ಮೊದಲು ನೀವು ಕೇಳಿ, ಅದು ನಿನಗೆ ಏನು ಕೊಡುತ್ತೆ ಮಗ ಅಂತ. ನಿದ್ದೆ ಅನ್ನಬಹುದು, ರೂಮಿನಲ್ಲಿ ಒಬ್ಬನೇ ಅನ್ನಬಹುದು, ಪರೀಕ್ಷೆಯ ಹೆದರಿಕೆ ಅನ್ನಬಹುದು. ಅವನು ಹೇಳಿ ಮುಗಿಸುವವರೆಗೂ ಸುಲಿಯುತ್ತಿರಿ, ನಡುವೆ ಬಾಯಿ ಹಾಕಬೇಡಿ. ಏನಂದ ಎಂದು ನನಗೂ ಬರೆಯಿರಿ.