ಹಸುವಿಗೆ ದಿನಾ ಎಣ್ಣೆ ಕುಡಿಸಿದರೆ ಫ್ಯಾಟ್ ಯಾಕೆ ಇಳಿಯುತ್ತೆ?

ಕರು ಹಾಕಿ ಎರಡು ತಿಂಗಳಾದ ಸೀಮೆಹಸು, ಡೇರಿಯಲ್ಲಿ ಹಾಲಿನ ಫ್ಯಾಟ್ (ಕೊಬ್ಬಿನಂಶ) 3.3 ಶೇಕಡಾ ಬರ್ತಿತ್ತು, ಯಾರೋ ಹೇಳಿದರು ಅಂತ ದಿನಾ ಬೆಳಿಗ್ಗೆ ಅರ್ಧ ಲೀಟರ್ ಕಡಲೆಕಾಯಿ ಎಣ್ಣೆ ಗೊಟ್ಟದಲ್ಲಿ ಕುಡಿಸಿದೆ, ಹತ್ತು ದಿನಕ್ಕೆ 2.9ಕ್ಕೆ ಇಳಿದು ಸಗಣಿಯೂ ತೆಳ್ಳಗಾಗಿದೆ ಅಂತ ಬರೆದಿದ್ದೀರಿ. ಮೊದಲು ಎಣ್ಣೆ ನಿಲ್ಲಿಸಿ. ಇವತ್ತೇ. ಕಾರಣ ಆಮೇಲೆ ಓದಿ.

ಹಸು ಹುಲ್ಲನ್ನು ತಾನೇ ಅರಗಿಸಿಕೊಳ್ಳುವುದಿಲ್ಲ. ಡಾಕ್ಟರು ರೂಮೆನ್ ಅನ್ನುವ ದೊಡ್ಡ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಹುಲ್ಲಿನ ಚೂರಿಗೆ ಅಂಟಿಕೊಂಡು ನಾರನ್ನು ಕರಗಿಸುತ್ತವೆ. ಹುಲ್ಲಿಗೆ ಜಿಡ್ಡು ಮೆತ್ತಿಕೊಂಡರೆ ಅವಕ್ಕೆ ಅಂಟಿಕೊಳ್ಳಲು ಜಾಗವೇ ಸಿಗುವುದಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಕಡಲೆಕಾಯಿ, ಸೂರ್ಯಕಾಂತಿ, ಸೋಯಾ ಎಣ್ಣೆಗಳಲ್ಲಿ ಜಾಸ್ತಿ ಇರುವ ಅನ್‌ಸ್ಯಾಚುರೇಟೆಡ್ ಕೊಬ್ಬು, ನಾರು ಕರಗಿಸುವ ಬ್ಯಾಕ್ಟೀರಿಯಾಗಳಿಗೆ ವಿಷದ ಹಾಗೆ.

ನಾರು ಕರಗಿದಾಗ ಅಸಿಟಿಕ್ ಆಮ್ಲ ಹುಟ್ಟುತ್ತದೆ. ಹಾಲಿನ ಕೊಬ್ಬಿನಲ್ಲಿ ಹೆಚ್ಚುಕಡಿಮೆ ಅರ್ಧವನ್ನು ಕೆಚ್ಚಲು ಮುಖ್ಯವಾಗಿ ಇದರಿಂದಲೇ ಮಾಡಿಕೊಳ್ಳುತ್ತದೆ. ನಾರು ಕರಗದಿದ್ದರೆ ಫ್ಯಾಟ್ ಎಲ್ಲಿಂದ ಬರಬೇಕು ಹೇಳಿ? ಸಾಲದ್ದಕ್ಕೆ, ರೂಮೆನ್‌ನಲ್ಲಿ ಎಣ್ಣೆ ಅರೆಬರೆ ಬದಲಾಗಿ ಕೆಲವು ಟ್ರಾನ್ಸ್ ಕೊಬ್ಬುಗಳು ಹುಟ್ಟುತ್ತವೆ. ಅವು ರಕ್ತದಲ್ಲಿ ಕೆಚ್ಚಲಿಗೆ ಹೋಗಿ ಕೊಬ್ಬು ಮಾಡುವ ಕೆಲಸವನ್ನೇ ತಡೆಯುತ್ತವೆ. ಎಣ್ಣೆ ಹಾಕಿದರೆ ಫ್ಯಾಟ್ ಬರುತ್ತೆ ಅಂತ ನಮಗೆ ಅನಿಸೋದು ಸಹಜ. ಹಸುವಿನ ಹೊಟ್ಟೆಯಲ್ಲಿ ಲೆಕ್ಕ ಬೇರೆ.

ನಿಮ್ಮ ಹಸುವಿನ ಲೆಕ್ಕವನ್ನೇ ನೋಡೋಣ. ನೀರಿನಂಶ ಕಳೆದರೆ ಅದು ದಿನಕ್ಕೆ ಸುಮಾರು 12 ಕಿಲೋ ಮೇವು ತಿನ್ನುತ್ತೆ ಅಂದುಕೊಳ್ಳಿ. ಅದರಲ್ಲಿ ಒಟ್ಟು ಕೊಬ್ಬು 6-7 ಶೇಕಡಾ ದಾಟಬಾರದು. ಗಾಣದ ಕಡಲೆಕಾಯಿ ಹಿಂಡಿ 3 ಕಿಲೋ ಹಾಕ್ತೀನಿ ಅಂದಿದ್ದೀರಿ. ಆ ಹಿಂಡಿಯಲ್ಲಿ 7 ಶೇಕಡಾದಷ್ಟು ಎಣ್ಣೆ ಉಳಿದಿರುತ್ತೆ, ಅಂದರೆ 200 ಗ್ರಾಂ ಅಲ್ಲೇ ಬಂತು. ಹುಲ್ಲು, ಬೂಸಾ, ಫೀಡಿನಿಂದ ಇನ್ನೊಂದು 270 ಗ್ರಾಂ. ಅದರ ಮೇಲೆ ಅರ್ಧ ಲೀಟರ್ ಎಣ್ಣೆ 460 ಗ್ರಾಂ. ಹತ್ತಿರ ಹತ್ತಿರ 8 ಶೇಕಡಾ ಆಯ್ತು. ಅದೂ ಇಡೀ ದಿನದ ಎಣ್ಣೆ ಒಂದೇ ಸಲ ಒಳಗೆ ಹೋಗುತ್ತೆ. ಹಿಂಡಿಯೊಳಗಿನ ಎಣ್ಣೆಯನ್ನು ಯಾರೂ ಲೆಕ್ಕಕ್ಕೇ ತಗೊಳ್ಳಲ್ಲ. ಮೂರು ವರ್ಷದ ಹಿಂದೆ ನಾನೂ ತಗೊಂಡಿರಲಿಲ್ಲ.

ಆಗ ನಾನು ಮಾಡಿದ ಪರೀಕ್ಷೆಯನ್ನು ನೀವೂ ಮಾಡಿ. ಒಂದು ಬೊಗಸೆ ಸಗಣಿಯನ್ನು ಜರಡಿಗೆ ಹಾಕಿ, ನಲ್ಲಿ ಕೆಳಗೆ ಹಿಡಿದು ನೀರು ತಿಳಿಯಾಗುವವರೆಗೆ ತೊಳೆಯಿರಿ. ಸರಿಯಾಗಿ ಅರಗಿದ್ದರೆ ಮೆತ್ತಗಿನ ಸಣ್ಣ ನಾರಷ್ಟೇ ಉಳಿಯುತ್ತೆ. ನಮ್ಮ ಜರಡಿಯಲ್ಲಿ ಉಗುರಿಗಿಂತ ಉದ್ದದ ರಾಗಿಹುಲ್ಲಿನ ತುಂಡುಗಳು ಹಳದಿ ಬಣ್ಣವೂ ಹೋಗದ ಹಾಗೆ ಕೂತಿದ್ದವು. ಬೆರಳಲ್ಲಿ ಮುರಿದರೆ ಪಟ್ ಅಂತ ಮುರಿಯುತ್ತಿದ್ದವು. ಮೆಲುಕೂ ಎಣಿಸಿ. ಒಂದು ಉಂಡೆಗೆ 50-60 ಸಲ ಅಗಿಯಬೇಕು. ನಮ್ಮ ಗೌರಿ 35ಕ್ಕೇ ನುಂಗಿಬಿಡುತ್ತಿದ್ದಳು. ಅದನ್ನು ನೋಡಿ ನನಗೆ ನಿಜವಾಗಿಯೂ ಸಂಕಟವಾಯ್ತು.

ಎಣ್ಣೆ ನಿಲ್ಲಿಸಿ ಒಣಹುಲ್ಲು ಜಾಸ್ತಿ ಕೊಡಿ. ಹಿಂಡಿಯನ್ನು ಎರಡು ಮೂರು ಹೊತ್ತಿಗೆ ಹಂಚಿ. ನಮ್ಮಲ್ಲಿ ನಾಲ್ಕು ದಿನಕ್ಕೆ ಸಗಣಿ ಗಟ್ಟಿಯಾಯ್ತು, ಫ್ಯಾಟ್ ಹಳೆಯ ಮಟ್ಟಕ್ಕೆ ಬರಲು ಎರಡು ವಾರ ಬೇಕಾಯ್ತು. ಅಷ್ಟರಲ್ಲೂ ಸುಧಾರಿಸದಿದ್ದರೆ, ಅಥವಾ ಮೇವು ಬಿಟ್ಟರೆ, ಡಾಕ್ಟರಿಗೆ ತೋರಿಸಿ.

ಹಾಲು ಜಾಸ್ತಿ ಕೊಡುವ ಹಸು ಸೊರಗುತ್ತಿದ್ದರೆ ಬೈಪಾಸ್ ಫ್ಯಾಟ್ ಇದೆ. ಅದರಲ್ಲಿ ಕೊಬ್ಬಿನಾಮ್ಲಕ್ಕೆ ಕ್ಯಾಲ್ಸಿಯಂ ಕಟ್ಟಿರುತ್ತಾರೆ. ರೂಮೆನ್‌ನಲ್ಲಿ ಹೆಚ್ಚಾಗಿ ಕರಗದೆ ಮುಂದೆ ಹೋಗಿ, ಹುಳಿ ಇರುವ ನಾಲ್ಕನೇ ಹೊಟ್ಟೆಯಲ್ಲಿ ಬಿಚ್ಚಿಕೊಳ್ಳುತ್ತೆ. ಹಾಗಾಗಿ ನಾರು ಕರಗಿಸುವ ಜೀವಿಗಳಿಗೆ ಅಷ್ಟು ತೊಂದರೆ ಇಲ್ಲ. ಕರು ಹಾಕಿದ ಮೊದಲ ಮೂರು ತಿಂಗಳು ದಿನಕ್ಕೆ 100ರಿಂದ 200 ಗ್ರಾಂ ಸಾಕು. ಇಡೀ ಹತ್ತಿಬೀಜವೂ ಪರವಾಗಿಲ್ಲ, ಅದರ ಎಣ್ಣೆ ನಿಧಾನಕ್ಕೆ ಬಿಡುತ್ತೆ. ಕೊಬ್ಬರಿ ಎಣ್ಣೆಯನ್ನಂತೂ ಸುಮ್ನೆ ಹಾಕಬೇಡಿ.

ಹೊಟ್ಟೆ ಉಬ್ಬರಕ್ಕೆ ಎಣ್ಣೆ ಕುಡಿಸ್ತಾರಲ್ಲ ಅಂತ ಕೊನೆಯಲ್ಲಿ ಕೇಳಿದ್ದೀರಿ. ಅದು ಸರಿಯೇ, ಹಸಿ ಮೇವಿನ ನೊರೆ ಒಡೆಯಲು ಎಣ್ಣೆ ಬೇಕು. ಆದರೆ ಅದು ಆ ಹೊತ್ತಿನ ಔಷಧಿ, ದಿನದ ಮೇವಲ್ಲ. ಜರಡಿಯಲ್ಲಿ ಏನು ಉಳಿಯಿತು ಅಂತ ಇಲ್ಲೇ ಬರೆಯಿರಿ, ನೋಡಿ ಹೇಳ್ತೀನಿ.