ಕತ್ತಿ ಹಿಡಿಯದವರ ಚರಿತ್ರೆ

ಪ್ರಶ್ನೆ: ಊರೂರಲ್ಲಿ ಕಿತ್ತೂರು ಚೆನ್ನಮ್ಮನ ಹೆಸರಿನ ವೃತ್ತಗಳಿವೆ. ಓಬವ್ವ ಜಯಂತಿಯನ್ನು ಸರ್ಕಾರವೇ ಆಚರಿಸುತ್ತಿದೆ. ನಾಡಿನ ಚರಿತ್ರೆಯಲ್ಲಿ ಮಹಿಳೆಯರ ಪಾಲನ್ನು ಗೌರವಿಸಲು ಇನ್ನೇನು ಬೇಕು? ಉಳಿದವರ ಬಗ್ಗೆ ದಾಖಲೆಯೇ ಇಲ್ಲವಲ್ಲ?

ಸಂಪಾದಕರ ಉತ್ತರ: 1824ರ ಅಕ್ಟೋಬರ್‌ನಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆಯ ಪಡೆಯನ್ನು ಕಿತ್ತೂರಿನ ಕೋಟೆಯೆದುರು ಸೋಲಿಸಿದ ರಾಣಿಗೆ ಎಷ್ಟು ಗೌರವ ಸಂದರೂ ಕಡಿಮೆಯೇ. ಅದರಲ್ಲಿ ನಿಮಗೂ ನನಗೂ ಭಿನ್ನಾಭಿಪ್ರಾಯವಿಲ್ಲ. ಆದರೆ ದಾಖಲೆ ಇಲ್ಲ ಎಂಬ ಮಾತನ್ನು ನಾನು ಒಪ್ಪಲಾರೆ.

ನಮ್ಮ ಹಳ್ಳಿಗಳ ಅಂಚಿನಲ್ಲಿ ಮಾಸ್ತಿಕಲ್ಲುಗಳಿರುತ್ತವೆ. ಮೊಣಕೈ ಬಳಿ ಬಾಗಿ ಮೇಲೆದ್ದ ಒಂದು ತೋಳು, ಅದರ ತುಂಬ ಬಳೆ, ಬೆರಳುಗಳ ನಡುವೆ ಒಂದು ನಿಂಬೆಹಣ್ಣು. ಬಹುಪಾಲು ಕಲ್ಲುಗಳಲ್ಲಿ ಹೆಸರೂ ಇಲ್ಲ. ಗಂಡನ ಚಿತೆಯೇರಿದ್ದಕ್ಕೆ ಕಲ್ಲು ನಿಲ್ಲಿಸಿದ ಸಮಾಜ, ಬದುಕಿದ್ದಾಗ ಆಕೆ ಮಾಡಿದ್ದೇನೆಂದು ಬರೆದಿಡಲಿಲ್ಲ. ನನಗೆ ನೋವಾಗುವುದು ಇಲ್ಲಿ.

ಬರೆದಿಟ್ಟಲ್ಲಿ ಏನು ಸಿಗುತ್ತದೆಂದು ಲಕ್ಕುಂಡಿಗೆ ಹೋಗಿ ನೋಡಿ. ಅಲ್ಲಿನ ಬ್ರಹ್ಮಜಿನಾಲಯವನ್ನು ಕಟ್ಟಿಸಿದವಳು ಅತ್ತಿಮಬ್ಬೆ. 1007ರ ಶಾಸನ ಅದನ್ನು ಹೇಳುತ್ತದೆ. ರನ್ನನಿಗೆ ಆಶ್ರಯ ಕೊಟ್ಟವಳು ಎಂದಷ್ಟೇ ಆಕೆಯನ್ನು ಪರಿಚಯಿಸಿ ಮುಗಿಸುವವರೇ ಹೆಚ್ಚು. ಆದರೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದವಳೂ ಅವಳೇ. ಅಚ್ಚುಯಂತ್ರವಿಲ್ಲದ ಕಾಲವದು. ಓಲೆಗರಿಗಳನ್ನು ಹದಗೊಳಿಸಿ, ಕಂಟದಿಂದ ಒಂದೊಂದೇ ಅಕ್ಷರ ಕೊರೆದು, ಮಸಿ ಸವರಿ, ದಾರಕ್ಕೆ ಪೋಣಿಸಬೇಕು. ಹಾಗೆ ಸಾವಿರ ಸಲ! ಎಷ್ಟು ಲಿಪಿಕಾರರಿಗೆ ಊಟ, ಕೂಲಿ, ಗರಿ ಒದಗಿಸಿರಬೇಕು ಯೋಚಿಸಿ. ಕನ್ನಡದ ಮೊದಲ ದೊಡ್ಡ ಪ್ರಕಾಶಕಿ ಎಂದು ಆಕೆಯನ್ನು ಕರೆಯಲು ನನಗೆ ಯಾವ ಅಳುಕೂ ಇಲ್ಲ.

ಸುಮಾರು ಒಂಬೈನೂರು ವರ್ಷಗಳ ನಂತರ ಅದೇ ಕೆಲಸವನ್ನು ಕೈಗೆತ್ತಿಕೊಂಡವರು ನಂಜನಗೂಡು ತಿರುಮಲಾಂಬ. ಬಾಲವಿಧವೆಯಾಗಿದ್ದ ಅವರು ಕಾದಂಬರಿಗಳನ್ನು ಬರೆದದ್ದಲ್ಲದೆ, ‘ಸತೀಹಿತೈಷಿಣಿ’ ಗ್ರಂಥಮಾಲೆಯನ್ನೂ ‘ಕರ್ನಾಟಕ ನಂದಿನಿ’ ಪತ್ರಿಕೆಯನ್ನೂ ನಡೆಸಿದರು. ಪತ್ರಿಕೆ ನಡೆಸುವ ಕಷ್ಟ ಬಲ್ಲ ನನಗೆ ಅವರ ಮೇಲಿನ ಗೌರವ ದಿನೇ ದಿನೇ ಹೆಚ್ಚುತ್ತಿದೆ.

ಹುಬ್ಬಳ್ಳಿಯ ಉಮಾಬಾಯಿ ಕುಂದಾಪುರ ಅವರನ್ನೂ ನೆನೆಯಿರಿ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನಕ್ಕೆ ಮನೆಮನೆಯ ಹೆಣ್ಣುಮಕ್ಕಳನ್ನು, ಅವರಲ್ಲಿ ವಿಧವೆಯರನ್ನೂ, ಸ್ವಯಂಸೇವಕಿಯರನ್ನಾಗಿ ಕರೆತಂದವರು ಅವರು. ಸೆರೆಮನೆಯಿಂದ ಬಿಡುಗಡೆಯಾಗಿ ದಿಕ್ಕುತೋಚದೆ ನಿಂತ ಹೆಂಗಸರಿಗೆ ತಮ್ಮ ಮನೆಯಲ್ಲಿ ಅನ್ನ, ಆಸರೆ ಕೊಟ್ಟರು. ಇಂಥ ಕೆಲಸಕ್ಕೆ ಪ್ರತಿಮೆಯ ಭಂಗಿ ಒದಗುವುದಿಲ್ಲ, ಹಾಗಾಗಿ ವೃತ್ತಗಳಲ್ಲಿ ಅದು ಕಾಣಿಸುವುದೂ ಇಲ್ಲ.

ನೀವು ಕೇಳಿದ ‘ಇನ್ನೇನು ಬೇಕು’ ಎಂಬುದಕ್ಕೆ ನನ್ನ ಉತ್ತರ ಇಷ್ಟೇ: ಹುಡುಕುವ ಕೆಲಸ ಬೇಕು. ನಿಮ್ಮೂರಿನ ದೇವಸ್ಥಾನದ ದತ್ತಿಶಾಸನ, ಹಳೆಯ ಹೆಣ್ಣುಮಕ್ಕಳ ಶಾಲೆಯ ಹಾಜರಿ ಪುಸ್ತಕ, ಸತ್ಯಾಗ್ರಹದಲ್ಲಿ ಸೆರೆಯಾದವರ ಪಟ್ಟಿ, ಇವುಗಳಲ್ಲಿ ಯಾವುದು ಸಿಕ್ಕರೂ ತೆರೆದು ನೋಡಿ. ಹೆಣ್ಣೊಬ್ಬಳ ಹೆಸರು ಕಂಡರೆ, ಇಂಥವರ ಮಗಳು, ಇಂಥವರ ಹೆಂಡತಿ ಎಂಬಲ್ಲಿಗೆ ನಿಲ್ಲಿಸದೆ, ಆಕೆ ಮಾಡಿದ ಕೆಲಸವೇನೆಂದು ಊರಿನ ಹಿರಿಯರನ್ನು ವಿಚಾರಿಸಿ. ದಾಖಲೆಯ ಚಿತ್ರದೊಂದಿಗೆ ಬರೆದು ಕಳುಹಿಸಿ. ಪರಿಶೀಲಿಸಿ, ನಿಮ್ಮ ಹೆಸರಿನಲ್ಲೇ ಪ್ರಕಟಿಸುತ್ತೇವೆ.