ಮಂಡಿ ನೋವಿಗೆ ಇಂಜೆಕ್ಷನ್: ಎರಡು ಸಲ ಹಾಕಿಸಿಕೊಂಡವನ ಮಾತು

ನಿಮ್ಮ ತಾಯಿಗೆ ಮಂಡಿ ಸವೆದಿದೆ, ಆಪರೇಷನ್ ಅಂದರೆ ಹೆದರುತ್ತಾರೆ, ಇಂಜೆಕ್ಷನ್‌ನಲ್ಲೇ ವಾಸಿಯಾಗುತ್ತಾ ಅಂತ ಕೇಳಿದ್ದೀರಿ. ಸವೆದದ್ದು ಮತ್ತೆ ಬೆಳೆಯುವುದಿಲ್ಲ. ನೋವು ಸ್ವಲ್ಪ ಕಾಲ ತಗ್ಗಬಹುದು, ಅಷ್ಟೇ. ನಾನು ಡಾಕ್ಟರ್ ಅಲ್ಲ, ಬಲ ಮಂಡಿಗೆ ಎರಡು ಸಲ ಚುಚ್ಚಿಸಿಕೊಂಡವನು.

ಮೊದಲು, ಯಾವ ಇಂಜೆಕ್ಷನ್ ಅಂತ ಹೆಸರು ಹಿಡಿದು ಕೇಳಿ. ನನಗೆ ಹಾಕಿದ್ದು ಟ್ರಯಾಮ್ಸಿನೊಲೋನ್ ಅನ್ನುವ ಸ್ಟೀರಾಯ್ಡ್, ಅಂದರೆ ಊತ, ನೋವು ತಗ್ಗಿಸುವ ಔಷಧ. ಮಂಡಿ ಊದಿತ್ತು, ಹಾಗಾಗಿ ಮೊದಲು ಖಾಲಿ ಸಿರಿಂಜ್‌ನಲ್ಲಿ ಒಳಗಿನ ನೀರು ಎಳೆದರು. ತಿಳಿ ಹಳದಿ ಬಣ್ಣ, ಸ್ವಲ್ಪ ಅಂಟಂಟು. ಸೂಜಿ ಅಲ್ಲೇ ಬಿಟ್ಟು ಸಿರಿಂಜ್ ಮಾತ್ರ ಬದಲಿಸಿ, ಹಾಲಿನಂಥ ಬಿಳಿ ಔಷಧ ಒಳಗೆ ಬಿಟ್ಟರು. ಚುಚ್ಚಿದ್ದಕ್ಕಿಂತ ಒಳಗಿನಿಂದ ಯಾರೋ ಒತ್ತಿದ ಹಾಗಾಗಿದ್ದೇ ಜಾಸ್ತಿ. ಆ ರಾತ್ರಿ ನೋವು ಇನ್ನೂ ಏರಿತು. ದುಡ್ಡು ದಂಡ ಅಂದುಕೊಂಡೆ. ಕೆಲವರಿಗೆ ಒಂದೆರಡು ದಿನ ಹಾಗಾಗುತ್ತದೆ, ಐಸ್ ಇಟ್ಟರೆ ಸಾಕು. ನಾಲ್ಕನೇ ದಿನ ಮೆಟ್ಟಿಲು ಇಳಿದು ಬಂದ ಮೇಲೆ, ಅರೆ, ಕಂಬಿ ಹಿಡಿಯಲೇ ಇಲ್ಲವಲ್ಲ ಅಂತ ಹೊಳೆಯಿತು.

ನನಗೆ ಯಾರೂ ಮುಂಚೆ ಹೇಳದೇ ಇದ್ದದ್ದು ಶುಗರ್ ವಿಷಯ. ಮಾರನೇ ದಿನ ಬೆಳಗ್ಗೆ ಮೀಟರ್ 290 ತೋರಿಸಿತು. ಕೆಟ್ಟಿದೆ ಅಂತ ಮತ್ತೊಂದು ಬೆರಳು ಚುಚ್ಚಿಕೊಂಡೆ, ಅದೇ ಕಥೆ. ಮಂಡಿಗೆ ಹಾಕಿದರೂ ಸ್ಟೀರಾಯ್ಡ್ ರಕ್ತಕ್ಕೆ ಸೇರುತ್ತದೆ. ನನ್ನ ಹಾಗೆ ಶುಗರ್ ಕಾಯಿಲೆ ಇದ್ದವರಿಗೆ ಕೆಲವು ದಿನ, ಒಮ್ಮೊಮ್ಮೆ ವಾರದ ತನಕ ಅದು ಏರಿಯೇ ಇರುತ್ತದೆ.

ಮತ್ತೆ ಮತ್ತೆ ಹಾಕಿಸಲೂ ಆಗುವುದಿಲ್ಲ. ಒಂದೇ ಮಂಡಿಗೆ ಮೂರು ತಿಂಗಳಿಗೆ ಮುಂಚೆ ಇನ್ನೊಂದು ಸಾಮಾನ್ಯವಾಗಿ ಕೊಡುವುದಿಲ್ಲ. 2017ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಕೆಲವರಿಗೆ ಸ್ಟೀರಾಯ್ಡ್, ಉಳಿದವರಿಗೆ ಹೋಲಿಕೆಗೆ ಔಷಧವಿಲ್ಲದ ಬರೀ ಉಪ್ಪುನೀರು, 12 ವಾರಕ್ಕೊಂದರಂತೆ ಎರಡು ವರ್ಷ ಕೊಟ್ಟು ನೋಡಿದರು. ಉಪ್ಪುನೀರು ಹಾಕಿಸಿಕೊಂಡವರಿಗಿಂತ ಸ್ಟೀರಾಯ್ಡಿನವರ ಮೃದ್ವಸ್ಥಿ (ಮೂಳೆ ತುದಿಗಿರುವ ಮೆತ್ತೆಯಂಥ ಪದರ) ಹೆಚ್ಚು ಸವೆದಿತ್ತು, ನೋವಿನಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ.

ಸ್ಟೀರಾಯ್ಡ್ ಬಿಟ್ಟರೆ ಜೆಲ್ ಇಂಜೆಕ್ಷನ್, ಪಿಆರ್‌ಪಿ ಅಂತಲೂ ಇವೆ. ಜೆಲ್ ಅಂದರೆ ಹೈಯಲುರಾನಿಕ್ ಆಸಿಡ್. ಗಾಡಿಗೆ ಕೀಲೆಣ್ಣೆ ಹಾಕಿದ ಹಾಗೆ ಅಂತ ಹೇಳುತ್ತಾರೆ. ಕೇಳೋಕೆ ಚೆನ್ನಾಗಿದೆ, ಆದರೆ ಅಮೆರಿಕದ ಕೀಲುವಾತ ತಜ್ಞರ ಸಂಘ 2019ರಲ್ಲಿ ಇದರ ಪರ ನಿಲ್ಲಲಿಲ್ಲ. ಕೆಲವು ಜೆಲ್‌ಗಳನ್ನು ಕೋಳಿಜುಟ್ಟಿನಿಂದ ತೆಗೆಯುತ್ತಾರೆ, ಮೊಟ್ಟೆ, ಕೋಳಿ ಆಗದವರು ಹೇಳಲೇಬೇಕು. ಪಿಆರ್‌ಪಿ ಅಂದರೆ ನಮ್ಮದೇ ರಕ್ತ ತೆಗೆದು, ಯಂತ್ರದಲ್ಲಿ ತಿರುಗಿಸಿ, ಪ್ಲೇಟ್‌ಲೆಟ್ ಜಾಸ್ತಿ ಇರುವ ಭಾಗವನ್ನು ವಾಪಸ್ ಹಾಕುವುದು. ಆಸ್ಟ್ರೇಲಿಯಾದಲ್ಲಿ 288 ಜನರ ಮೇಲೆ ನೋಡಿ 2021ರಲ್ಲಿ ಪ್ರಕಟಿಸಿದರು: ವರ್ಷ ಕಳೆದ ಮೇಲೆ ಅದಕ್ಕೂ ಉಪ್ಪುನೀರಿಗೂ ನೋವಿನಲ್ಲಿ ಗಮನಾರ್ಹ ವ್ಯತ್ಯಾಸ ಇಲ್ಲ. ಕೆಲವರು ಆರಾಮಾಯಿತು ಅನ್ನುತ್ತಾರೆ, ಇಲ್ಲ ಅನ್ನಲ್ಲ. ಸಾಲ ಮಾಡಿ ಮಾತ್ರ ಹಾಕಿಸಬೇಡಿ. ಸ್ಟೆಮ್ ಸೆಲ್ (ಕಾಂಡಕೋಶ) ಹಾಕಿ ಸವೆದದ್ದನ್ನು ಬೆಳೆಸುತ್ತೇವೆ ಅಂತ ಆಸೆ ಹುಟ್ಟಿಸಿದರೆ ಸುಮ್ನೆ ಎದ್ದು ಬನ್ನಿ.

ಮೊದಲ ಸಲ ನಾನು ಮಾಡಿದ ತಪ್ಪು, ನೋವು ಹೋಯಿತಲ್ಲ ಅಂತ ಓಡಾಡಿಕೊಂಡಿದ್ದದ್ದು. ಎರಡೇ ತಿಂಗಳಲ್ಲಿ ನೋವು ವಾಪಸ್. ಎರಡನೇ ಸಲ ವಾರ ಕಳೆಯುತ್ತಲೇ ಫಿಸಿಯೋ ಹತ್ತಿರ ಹೋದೆ. ಮಲಗಿಕೊಂಡು ಕಾಲು ನೆಟ್ಟಗೆ ಎತ್ತಿ ಹಿಡಿಯುವುದು, ಕುರ್ಚಿಯಿಂದ ಕೈ ಊರದೆ ಏಳುವುದು. ನೋವಿದ್ದಾಗ ಇವೆರಡೂ ನನ್ನಿಂದ ಆಗುತ್ತಲೇ ಇರಲಿಲ್ಲ. ಅದಾಗಿ ಹನ್ನೊಂದು ತಿಂಗಳು, ಮೂರನೆಯದು ಇನ್ನೂ ಬೇಕಾಗಿಲ್ಲ.

ತಾಯಿಗೆ ಶುಗರ್ ಇದೆಯಾ? ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ತಾರಾ? ಹಾಗಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ಮುಂದೆ ಆಪರೇಷನ್‌ಗೆ ಮನಸ್ಸು ಮಾಡಿದರೆ, ಇಂಜೆಕ್ಷನ್ ಆಗಿ ಮೂರು ತಿಂಗಳಾದರೂ ಕಳೆದಿರಬೇಕು, ಇಲ್ಲದಿದ್ದರೆ ಸೋಂಕಿನ ಅಪಾಯ ಜಾಸ್ತಿ. ಹಾಕಿಸಿದ ಮೇಲೆ ಜ್ವರ ಬಂದು ಮಂಡಿ ಕೆಂಪಗೆ ಬಿಸಿಯಾದರೆ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.